ಡಿಸ್ಕ್ ಎರರ್ ಬಂದಾಗ ಡ್ರೈವರ್ ಎಂತ ಮಾಡ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆಯ ವಿಡಿಯೋ ಸ್ಟುಡಿಯೋದವರು, ಹಂಪನಕಟ್ಟೆಯಲ್ಲಿ ಅಂಗಡಿಗಳ ಬಿಲ್ಲಿಂಗ್ ಸಿಸ್ಟಮ್ ನೋಡಿಕೊಳ್ಳುವವರು, ಸುರತ್ಕಲ್ ಮಣಿಪಾಲದಲ್ಲಿ ಓಎಸ್ (ಆಪರೇಟಿಂಗ್ ಸಿಸ್ಟಮ್) ಕೋರ್ಸ್ ಓದ್ತಿರುವ ಮಕ್ಕಳು, ಎಲ್ಲರೂ ಸುತ್ತಿ ಬಳಸಿ ಕೇಳುದು ಇದನ್ನೇ. ಅದಕ್ಕೆ ಒಂದೇ ಕಡೆ ಬರೆದು ಇಡ್ತಿದ್ದೇನೆ. ಡ್ರೈವರ್ ಅಂದ್ರೆ ಡಿಸ್ಕಿನ ಜೊತೆ ಮಾತಾಡುವ ಓಎಸ್ಸಿನ ಭಾಗ. ಹೆಚ್ಚಿನದ್ದು ಲಿನಕ್ಸ್ ಲೆಕ್ಕದಲ್ಲಿ ಉಂಟು, ವಿಂಡೋಸಿಗೆ ಬೇರೆ ಪ್ರಶ್ನೆ ಕೆಳಗೆ ಸಿಗ್ತದೆ. ನಿಮ್ಮ ಡಿಸ್ಕ್ ಈಗಲೇ ಎರರ್ ಕೊಡ್ತಾ ಇದ್ದು ಒಳಗೆ ಬೇಕಾದ ಡಾಟಾ ಇದ್ರೆ ಬೇರೆಂತದೂ ಓದ್ಬೇಡಿ, ಸೀದಾ "ಡಿಸ್ಕ್ ಹೋಗ್ತಾ ಉಂಟು" ಅನ್ನುವ ಪ್ರಶ್ನೆಗೆ ಹೋಗಿ.

ಪ್ರಶ್ನೆ: ಎರರ್ ಎಲ್ಲಿ ಹುಟ್ತದೆ, ಯಾರ್ಯಾರ ಕೈ ದಾಟಿ ನನ್ನ ಸ್ಕ್ರೀನಿಗೆ ಬರ್ತದೆ?

ಕೆಳಗಿಂದ ಹೇಳ್ತೇನೆ. ಪ್ಲೇಟರ್ (ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ) ಅಥವಾ ಫ್ಲ್ಯಾಶ್ ಚಿಪ್, ಅದರ ಮೇಲೆ ಡಿಸ್ಕಿನ ಒಳಗಿನ ಫರ್ಮ್‌ವೇರ್ (ಡಿಸ್ಕಿನದ್ದೇ ಪ್ರೋಗ್ರಾಮ್), ಆಮೇಲೆ ಕೇಬಲ್ ಮತ್ತು ಕಂಟ್ರೋಲರ್, ಆ ಕಂಟ್ರೋಲರಿನ ಜೊತೆ ಮಾತಾಡುವ ಡ್ರೈವರ್, ಅದರ ಮೇಲೆ ಸ್ಕಸಿ ಲೇಯರ್ (ಡಿಸ್ಕಿಗೆ ಕಮಾಂಡ್ ಕಳಿಸುವ ಪದರ), ಬ್ಲಾಕ್ ಲೇಯರ್ (ರಿಕ್ವೆಸ್ಟುಗಳನ್ನು ಸಾಲಿನಲ್ಲಿ ಇಡುವ ಪದರ), ಫೈಲ್ ಸಿಸ್ಟಮ್, ಪೇಜ್ ಕ್ಯಾಶ್ (ಫೈಲಿನ ಡಾಟಾ ಮೆಮೊರಿಯಲ್ಲಿ ಇಡುವ ಜಾಗ), ಕೊನೆಗೆ ನಿಮ್ಮ ಪ್ರೋಗ್ರಾಮ್. ಪ್ರೋಗ್ರಾಮಿಗೆ ಸಿಗುದು ಬರೀ ಇಐಒ ಅಂತ ಒಂದು ಕೋಡ್, "ಇನ್‌ಪುಟ್ ಔಟ್‌ಪುಟ್ ಎರರ್" ಅಂತ ತೋರಿಸ್ತದಲ್ಲ, ಅದೇ. ಯಾವ ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಂಡು), ಎಂತಕ್ಕೆ ಓದ್ಲಿಕ್ಕೆ ಆಗ್ಲಿಲ್ಲ, ಇನ್ನೊಮ್ಮೆ ಟ್ರೈ ಮಾಡಿದ್ರೆ ಪ್ರಯೋಜನ ಉಂಟಾ, ಈ ವಿವರ ಎಲ್ಲ ದಾರಿಯಲ್ಲೇ ಉದುರಿ ಹೋಗಿರ್ತದೆ, ಉಳಿಯುದು ಕರ್ನಲ್ (ಓಎಸ್ಸಿನ ತಿರುಳು) ಬರೆದಿಡುವ ಲಾಗಿನಲ್ಲಿ ಮಾತ್ರ. ಹಾಗಾಗಿ ಯಾರಾದ್ರೂ ಸ್ಕ್ರೀನ್ ಫೋಟೋ ಕಳಿಸಿ "ಎಂತ ಆಗಿದೆ ನೋಡಿ" ಅಂದ್ರೆ ನಾನು ಮೊದಲು ಕೇಳುದೇ ಲಾಗ್.

ಪ್ರಶ್ನೆ: ಡಿಸ್ಕಿಗೆ ತನ್ನಷ್ಟಕ್ಕೆ ಸರಿ ಮಾಡಿಕೊಳ್ಳುವ ಶಕ್ತಿ ಇಲ್ವಾ?

ಉಂಟು, ತುಂಬಾನೇ ಉಂಟು. ಪ್ರತಿ ಸೆಕ್ಟರಿನ ಜೊತೆ ಇಸಿಸಿ ಅಂತ ಹೆಚ್ಚುವರಿ ಬಿಟ್‌ಗಳು ಇರ್ತವೆ, ಸಣ್ಣಪುಟ್ಟ ತಪ್ಪು ಅಲ್ಲೇ ತಿದ್ದಿ ಹೋಗ್ತದೆ, ನಿಮಗೆ ಗೊತ್ತೇ ಆಗುದಿಲ್ಲ. ಅದರಲ್ಲಿ ಆಗದಿದ್ರೆ ಫರ್ಮ್‌ವೇರ್ ಓದುವ ಹೆಡ್ಡನ್ನು ಒಂಚೂರು ಆಚೆ ಈಚೆ ಮಾಡಿ ಪುನಃ ಪುನಃ ಓದ್ತದೆ. ಅಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಆ ಸೆಕ್ಟರನ್ನು ಪೆಂಡಿಂಗ್ ಅಂತ ಗುರುತು ಹಾಕಿ ಮೇಲಕ್ಕೆ ಎರರ್ ಕೊಡ್ತದೆ. ಪೆಂಡಿಂಗ್ ಸೆಕ್ಟರನ್ನು ಡಿಸ್ಕ್ ಆಗಿಂದಾಗಲೇ ಬೇರೆ ಜಾಗಕ್ಕೆ ಬದಲಾಯಿಸುದಿಲ್ಲ, ಯಾಕಂದ್ರೆ ಹಳೇ ಡಾಟಾ ಕೈಗೆ ಸಿಕ್ಕಿಲ್ಲ, ಸುಮ್ನೆ ಸೊನ್ನೆ ತುಂಬಿಸಿ ಕೊಟ್ರೆ ಅದು ಸುಳ್ಳು ಡಾಟಾ ಆಗ್ತದೆ. ಆ ಜಾಗಕ್ಕೆ ನೀವು ಹೊಸದಾಗಿ ಬರೆದಾಗ ಮಾತ್ರ ಅದು ನೋಡ್ತದೆ, ಬರೆದದ್ದು ನಿಲ್ತದಾ ಇಲ್ವಾ ಅಂತ, ನಿಲ್ಲದಿದ್ರೆ ಸ್ಪೇರ್ ಜಾಗಕ್ಕೆ ರೀಮ್ಯಾಪ್ ಮಾಡ್ತದೆ. ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) 197 ಅಂದ್ರೆ ಪೆಂಡಿಂಗ್, 5 ಅಂದ್ರೆ ರೀಮ್ಯಾಪ್ ಆದದ್ದು, ಇವೆರಡು ನಂಬರ್ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಡ್ರೈವರ್ ಎಷ್ಟು ಸಲ ರಿಟ್ರೈ ಮಾಡ್ತದೆ?

1975ರ ಯುನಿಕ್ಸ್ ಆರನೇ ಆವೃತ್ತಿಯ ಆರ್‌ಕೆ ಡಿಸ್ಕ್ ಡ್ರೈವರಿನಲ್ಲಿ ಲೆಕ್ಕ ಸರಳ ಇತ್ತು. ಎರರ್ ಬಂದ್ರೆ ಕನ್ಸೋಲಿಗೆ ಪ್ರಿಂಟ್ ಮಾಡು, ಕಂಟ್ರೋಲರ್ ರಿಸೆಟ್ ಮಾಡು, 10 ಸಲ ಪುನಃ ಟ್ರೈ ಮಾಡು, ಆಮೇಲೆ ಬಫರಿನಲ್ಲಿ (ಡಾಟಾ ಸ್ವಲ್ಪ ಹೊತ್ತು ಇಡುವ ಮೆಮೊರಿ) ಎರರ್ ಫ್ಲ್ಯಾಗ್ ಹಾಕಿ ಕೈ ಬಿಡು. ಫ್ಲಾಪಿ ಕಾಲದಲ್ಲೂ ಬಯೋಸ್ ಮೂಲಕ ಓದುವಾಗ ಕನಿಷ್ಠ 3 ಸಲ ಟ್ರೈ ಮಾಡ್ಬೇಕಿತ್ತು, ಯಾಕಂದ್ರೆ ಮೊದಲ ಸಲ ಮೋಟಾರ್ ಸ್ಪೀಡಿಗೆ ಬಂದಿರುದೇ ಇಲ್ಲ. ಈಗಿನ ಲಿನಕ್ಸಿನ ಸ್ಕಸಿ ಡಿಸ್ಕ್ ಡ್ರೈವರಿನಲ್ಲಿ ಮಾಮೂಲಿ ಮಿತಿ 5.

ಆದ್ರೆ ಸಂಖ್ಯೆಗಿಂತ ಮುಖ್ಯವಾದ್ದು ಯಾವ ಎರರಿಗೆ ರಿಟ್ರೈ ಅಂತ. ಸ್ಕಸಿಯಲ್ಲಿ ಡಿಸ್ಕ್ ಸೆನ್ಸ್ ಕೀ ಅಂತ ಒಂದು ನಂಬರ್ ಕೊಡ್ತದೆ. 2 ಅಂದ್ರೆ ಇನ್ನೂ ರೆಡಿ ಇಲ್ಲ, ಮೇಲೆ ಬರ್ತಾ ಇದ್ದೇನೆ ಅಂತ ಹೇಳಿದ್ರೆ ಕಾದು ಪುನಃ ಕೇಳುದು ಸರಿ. 6 ಅಂದ್ರೆ ಯುನಿಟ್ ಅಟೆನ್ಷನ್, ರಿಸೆಟ್ ಆಗಿದೆ ಅಥವಾ ಮೀಡಿಯಾ ಬದಲಾಗಿದೆ ಅಂತ ಸೂಚನೆ. 3 ಅಂದ್ರೆ ಮೀಡಿಯಂ ಎರರ್. 5 ಅಂದ್ರೆ ನೀನು ಕೇಳಿದ್ದೇ ತಪ್ಪು ಅಂತ, ಅದನ್ನು ನೂರು ಸಲ ಕೇಳಿದ್ರೂ ಉತ್ತರ ಬದಲಾಗುದಿಲ್ಲ. ಮೀಡಿಯಂ ಎರರಿನ ಜೊತೆ "ಓದ್ಲಿಕ್ಕೆ ಆಗ್ಲೇ ಇಲ್ಲ" ಅನ್ನುವ 11 ಹೆಕ್ಸ್ ಕೋಡ್ ಬಂದ್ರೆ ಲಿನಕ್ಸ್ ರಿಟ್ರೈ ಮಾಡುದೇ ಇಲ್ಲ, ಸೀದಾ ಮೇಲಕ್ಕೆ ಎರರ್ ಕೊಡ್ತದೆ, ಯಾಕಂದ್ರೆ ಡಿಸ್ಕ್ ಒಳಗೆ ಆಗಲೇ ಮಾಡಿ ಸುಸ್ತಾಗಿರ್ತದೆ. ಇದು ಸರಿಯಾದ ತೀರ್ಮಾನ ಅಂತ ನನಗೆ ಗಟ್ಟಿ ಅನ್ನಿಸ್ತದೆ. ಒಳ್ಳೆ ಡ್ರೈವರ್ ಅಂದ್ರೆ ಎರರನ್ನು ಮುಚ್ಚಿಡುವ ಡ್ರೈವರ್ ಅಲ್ಲ, ಯಾವುದು ಇನ್ನೊಮ್ಮೆ ಕೇಳುವಂಥದ್ದು ಯಾವುದು ಅಲ್ಲ ಅಂತ ಬೇಗ ಗೊತ್ತು ಮಾಡಿ ಇದ್ದದ್ದನ್ನು ಇದ್ದ ಹಾಗೆ ಮೇಲೆ ಹೇಳುವ ಡ್ರೈವರ್.

ಪ್ರಶ್ನೆ: ಕಂಪ್ಯೂಟರ್ ಅರ್ಧ ನಿಮಿಷ ಪೂರ್ತಿ ಹ್ಯಾಂಗ್ ಆಗಿ ಆಮೇಲೆ ಎಂತದೂ ಆಗದ ಹಾಗೆ ನಡೀತದೆ, ಇದೆಂತ?

ಅರ್ಧ ನಿಮಿಷ ಅಂತ ನೀವೇ ಹೇಳಿದ್ರಲ್ಲ, ಲಿನಕ್ಸಿನಲ್ಲಿ ಸ್ಕಸಿ ಡಿಸ್ಕಿನ ಕಮಾಂಡ್ ಟೈಮ್‌ಔಟ್ ಸರಿಯಾಗಿ 30 ಸೆಕೆಂಡ್. ಸಾಟಾ (ಪೀಸಿಗಳ ಮಾಮೂಲಿ ಡಿಸ್ಕ್ ಕನೆಕ್ಷನ್) ಡಿಸ್ಕ್ ಸಹ ಅದೇ ಲೇಯರಿನ ಕೆಳಗೆ ಬರ್ತದೆ. ಡಿಸ್ಕ್ ಎರರ್ ಕೊಟ್ರೆ ಒಂದು ಲೆಕ್ಕ, ಉತ್ತರವೇ ಕೊಡದಿದ್ರೆ ಡ್ರೈವರ್ 30 ಸೆಕೆಂಡ್ ಕಾಯ್ತದೆ, ಆಮೇಲೆ ಏಣಿ ಹತ್ತಿದ ಹಾಗೆ ಒಂದೊಂದೇ ಮೆಟ್ಟಿಲು. ಮೊದಲು ಆ ಒಂದು ಕಮಾಂಡನ್ನು ಅಬಾರ್ಟ್ ಮಾಡ್ತದೆ, ಆಗದಿದ್ರೆ ಡಿವೈಸ್ ರಿಸೆಟ್, ಆಮೇಲೆ ಟಾರ್ಗೆಟ್ ರಿಸೆಟ್, ಬಸ್ ರಿಸೆಟ್, ಇಡೀ ಹೋಸ್ಟ್ ಕಂಟ್ರೋಲರ್ ರಿಸೆಟ್. ಅದಕ್ಕೂ ಬಗ್ಗದಿದ್ರೆ ಡಿಸ್ಕನ್ನು ಆಫ್‌ಲೈನ್ ಮಾಡಿ ಮುಂದೆ ಬರುವ ರಿಕ್ವೆಸ್ಟ್ ಎಲ್ಲ ವಾಪಸ್. ಮೇಲೆ ಹೋದ ಹಾಗೆ ಪೆಟ್ಟು ಬೀಳುವವರ ಸಂಖ್ಯೆ ಜಾಸ್ತಿ, ಬಸ್ ರಿಸೆಟ್ ಮಾಡಿದ್ರೆ ಅದೇ ಬಸ್ಸಿನಲ್ಲಿರುವ ಬೇರೆ ಡಿಸ್ಕುಗಳ ನಡೀತಿದ್ದ ಕಮಾಂಡುಗಳೂ ಹೋಗ್ತವೆ, ಅದಕ್ಕೇ ಸಣ್ಣದರಿಂದ ಶುರು.

ಈ ಕೆಲಸಕ್ಕೆ ಪ್ರತಿ ಹೋಸ್ಟಿಗೆ (ಅಂದ್ರೆ ಕಂಟ್ರೋಲರಿಗೆ) ಒಂದೊಂದು ಬೇರೆ ಥ್ರೆಡ್ ಇರ್ತದೆ, ಅದು ಎದ್ದು ಕೆಲಸ ಮಾಡುವಷ್ಟು ಹೊತ್ತು ಆ ಹೋಸ್ಟಿಗೆ ಹೊಸ ಕಮಾಂಡ್ ಹೋಗುದಿಲ್ಲ. ದೊಡ್ಡ ಎಚ್‌ಬಿಎ ಕಾರ್ಡಿಗೆ ಹತ್ತಾರು ಡಿಸ್ಕ್ ಸಿಕ್ಕಿಸಿದವರಿಗೆ ಒಂದು ಹಾಳು ಡಿಸ್ಕಿನಿಂದ ಎಲ್ಲ ಡಿಸ್ಕ್ ನಿಂತ ಹಾಗೆ ಕಾಣುದು ಇದಕ್ಕೇ. ಮದರ್‌ಬೋರ್ಡಿನ ಮಾಮೂಲಿ ಎಎಚ್‌ಸಿಐ ಸಾಟಾದಲ್ಲಿ ಪ್ರತಿ ಪೋರ್ಟನ್ನೂ ಒಂದು ಹೋಸ್ಟ್ ಅಂತಲೇ ಲೆಕ್ಕ ಹಿಡಿಯುದರಿಂದ ಅಷ್ಟು ತೊಂದ್ರೆ ಇಲ್ಲ. ಅಲ್ಲಿ ಮೇಲೆ ಹೇಳಿದ ಏಣಿಯ ಬದಲು ಲಿನಕ್ಸಿನ ಸಾಟಾ ಭಾಗವಾದ ಲಿಬ್‌ಎಟಿಎಯದ್ದೇ ಬೇರೆ ಕ್ರಮ ಉಂಟು, ಪೋರ್ಟನ್ನು ಫ್ರೀಜ್ ಮಾಡುದು, ಲಿಂಕ್ ರಿಸೆಟ್, ಸ್ಪೀಡ್ ಇಳಿಸುದು, ಕೊನೆಗೆ ಡಿಸೇಬಲ್.

ಪ್ರಶ್ನೆ: ಲಾಗಿನಲ್ಲಿ ಒಂದೇ ಸಲ ಮೂವತ್ತು ಕಮಾಂಡ್ ಫೇಲ್ ಅಂತ ಬಂದಿದೆ, ಮೂವತ್ತು ಕಡೆ ಹಾಳಾಗಿದೆಯಾ?

ಹೆದರ್ಬೇಡಿ, ಹೆಚ್ಚಾಗಿ ಒಂದೇ. ಸಾಟಾದ ಎನ್‌ಸಿಕ್ಯೂ ಅನ್ನುವ ಸರದಿ ಸಾಲಿನಲ್ಲಿ ಒಟ್ಟಿಗೆ 32 ಕಮಾಂಡ್ ತನಕ ಡಿಸ್ಕಿಗೆ ಹಾಕ್ಬಹುದು, ಅದರಲ್ಲಿ ಒಂದು ಫೇಲ್ ಆದ್ರೆ ಡಿಸ್ಕ್ ಬಾಕಿ ಎಲ್ಲವನ್ನೂ ಕೈ ಬಿಡ್ತದೆ. ಡ್ರೈವರ್ ಆಮೇಲೆ ಡಿಸ್ಕಿನ 10 ಹೆಕ್ಸ್ ನಂಬರಿನ ಲಾಗ್ ಪೇಜ್ ಓದಿ ನಿಜವಾದ ತಪ್ಪಿತಸ್ಥ ಯಾರು ಅಂತ ಹುಡುಕಿ, ಉಳಿದ ಪಾಪದವುಗಳನ್ನು ಪುನಃ ಕಳಿಸ್ತದೆ.

ಪ್ರಶ್ನೆ: ಕೇಬಲ್ ಪ್ರಾಬ್ಲಮ್ಮಾ ಡಿಸ್ಕ್ ಪ್ರಾಬ್ಲಮ್ಮಾ, ಹೇಗೆ ಗೊತ್ತಾಗುದು?

ಲಾಗಿನಲ್ಲಿ ಯುಎನ್‌ಸಿ ಅಂತ ಇದ್ರೆ ಡಿಸ್ಕ್ ಒಳಗಿನದ್ದು, ಓದಿದ್ದನ್ನು ತಿದ್ದಲಿಕ್ಕೆ ಆಗ್ಲಿಲ್ಲ ಅಂತ ಅರ್ಥ. ಐಸಿಆರ್‌ಸಿ ಅಂತ ಇದ್ರೆ ಡಿಸ್ಕಿನಿಂದ ಬೋರ್ಡಿಗೆ ಬರುವ ದಾರಿಯಲ್ಲಿ ಬಿಟ್ ಹಾಳಾದದ್ದು, ಮೊದಲು ಕೇಬಲ್ ನೋಡಿ. ಸ್ಮಾರ್ಟಿನಲ್ಲಿ 199 ಅದೇ ಕೌಂಟ್, ಅದು ಮೇಲೆ ಹೋಗ್ತದೆ ವಿನಾ ಕೆಳಗೆ ಇಳಿಯುದಿಲ್ಲ, ಹಾಗಾಗಿ ನಂಬರ್ ದೊಡ್ಡದುಂಟು ಅಂತ ಡಿಸ್ಕ್ ಬಿಸಾಡ್ಬೇಡಿ, ಕೇಬಲ್ ಬದಲಾಯಿಸಿ ಒಂದು ವಾರ ಬಿಟ್ಟು ಏರಿದೆಯಾ ನೋಡಿ. ಸಿಆರ್‌ಸಿ (ದಾರಿಯಲ್ಲಿ ಬಿಟ್ ಹಾಳಾದ) ಎರರ್ ಜಾಸ್ತಿ ಆದ್ರೆ ಡ್ರೈವರ್ ತಾನೇ ಲಿಂಕ್ ಸ್ಪೀಡನ್ನು 6ರಿಂದ 3ಕ್ಕೆ, ಆಮೇಲೆ 1.5 ಗಿಗಾಬಿಟ್ಟಿಗೆ ಇಳಿಸ್ತದೆ, ಡಿಸ್ಕ್ ನಡೀತದೆ ಆದ್ರೆ ನಿಧಾನ, ಎಂತಕ್ಕೆ ನಿಧಾನ ಅಂತ ಯಾರಿಗೂ ಗೊತ್ತಾಗುದಿಲ್ಲ, ಲಾಗ್ ನೋಡಿದವರಿಗೆ ಬಿಟ್ಟು. ನಮ್ಮ ಕರಾವಳಿಯಲ್ಲಿ ಇದು ಜಾಸ್ತಿ ಗಮನಿಸ್ಬೇಕು, ಮಲ್ಪೆ, ಪಣಂಬೂರು, ಉಳ್ಳಾಲ ಹೀಗೆ ಸಮುದ್ರ ಹತ್ತಿರ ಇದ್ದಲ್ಲಿ ಉಪ್ಪಿನ ಗಾಳಿ, ಮೇಲಿಂದ ಮಳೆಗಾಲದ ಹಸಿ, ಕನೆಕ್ಟರಿನ ಪಿನ್ ಮಸುಕಾಗ್ತದೆ. ಪವರ್ ಆಫ್ ಮಾಡಿ ಕನೆಕ್ಟರ್ ಕಳಚಿ ಪುನಃ ಗಟ್ಟಿ ಕೂರಿಸಿದ್ರೇ ಎಷ್ಟೋ ಸಲ ಸರಿ ಆಗ್ತದೆ. ಇನ್ನೊಂದು, ಲಾಗಿನಲ್ಲಿ "ಫ್ರೋಜನ್" ಅಂತ ಕಂಡ್ರೆ ಡಿಸ್ಕ್ ಸತ್ತಿದೆ ಅಂತಲ್ಲ, ರಿಕವರಿ ಮುಗಿಯುವ ತನಕ ಡ್ರೈವರ್ ಆ ಪೋರ್ಟನ್ನು ತಡೆದು ಇಟ್ಟಿದೆ ಅಂತ ಅಷ್ಟೇ.

ಪ್ರಶ್ನೆ: ರೇಡಿನಿಂದ ಡಿಸ್ಕನ್ನು ಹೊರಗೆ ಹಾಕಿದೆ, ಆದ್ರೆ ಟೆಸ್ಟ್ ಮಾಡಿದ್ರೆ ಡಿಸ್ಕ್ ಸರಿ ಉಂಟು. ಎಂತ ಮಾರಾಯ್ರೆ ಇದು?

ಇಲ್ಲಿ ರೇಡ್ ಅಂದ್ರೆ ಹಲವು ಡಿಸ್ಕ್ ಸೇರಿಸಿ ಒಂದು ಗುಂಪು (ಅರೇ) ಮಾಡಿ, ಒಂದು ಹೋದ್ರೂ ಡಾಟಾ ಉಳಿಯುವ ಹಾಗೆ ಇಡುದು. ಇದರ ಬಗ್ಗೆ ಉದ್ದ ಬರೀತೇನೆ, ಯಾಕಂದ್ರೆ ಸುಮ್ನೆ ಒಳ್ಳೆ ಡಿಸ್ಕ್ ಬಿಸಾಡುವವರು ಮತ್ತೆ ಇದರಿಂದಲೇ ಇಡೀ ಅರೇ ಕಳೆದುಕೊಳ್ಳುವವರು ಇಬ್ಬರೂ ಇದ್ದಾರೆ.

ಲಿನಕ್ಸಿನ ಎಂಡಿ ಅನ್ನುವ ಸಾಫ್ಟ್‌ವೇರ್ ರೇಡಿನಲ್ಲಿ ಒಂದು ಡಿಸ್ಕ್ ರೀಡ್ ಎರರ್ ಕೊಟ್ರೆ ಕೂಡ್ಲೇ ಅದನ್ನು ಹೊರಗೆ ಹಾಕುದಿಲ್ಲ. ಬೇರೆ ಡಿಸ್ಕುಗಳಿಂದ ಅದೇ ಡಾಟಾ ಲೆಕ್ಕ ಹಾಕಿ ತೆಗ್ದು, ಎರರ್ ಕೊಟ್ಟ ಸೆಕ್ಟರಿನ ಮೇಲೆ ಪುನಃ ಬರೀತದೆ, ಬರೆದಾಗ ಡಿಸ್ಕ್ ಆ ಪೆಂಡಿಂಗ್ ಸೆಕ್ಟರನ್ನು ಸರಿ ಮಾಡ್ತದೆ ಅಥವಾ ರೀಮ್ಯಾಪ್ ಮಾಡ್ತದೆ, ಕೆಲಸ ಮುಗೀತು, ಯಾರಿಗೂ ತೊಂದ್ರೆ ಇಲ್ಲ. ಹೆಚ್ಚಾಗಿ ಬರೀಲಿಕ್ಕೂ ಆಗದಿದ್ರೆ ಮಾತ್ರ ಡಿಸ್ಕ್ ಹೊರಗೆ. ಇದು ನಡೀಬೇಕಾದ್ರೆ ಡಿಸ್ಕ್ ಬೇಗ "ಓದ್ಲಿಕ್ಕೆ ಆಗ್ಲಿಲ್ಲ" ಅಂತ ಒಪ್ಪಿಕೊಳ್ಬೇಕು.

ಡೆಸ್ಕ್‌ಟಾಪ್ ಡಿಸ್ಕ್ ಅಷ್ಟು ಬೇಗ ಒಪ್ಪುದಿಲ್ಲ. ಅದಕ್ಕೆ ಗೊತ್ತಿರುದು ಮನೆಯ ಪೀಸಿಯಲ್ಲಿ ಇದೊಂದೇ ಕಾಪಿ ಅಂತ, ಹಾಗಾಗಿ ಒಂದು ನಿಮಿಷ ಎರಡು ನಿಮಿಷ ಸಹ ಒಳಗೇ ಒದ್ದಾಡ್ತದೆ. ಆದ್ರೆ ಡ್ರೈವರ್ ಕಾಯುದು 30 ಸೆಕೆಂಡ್. ಉಡುಪಿ ಬಸ್ ಹೆಜಮಾಡಿ ದಾಟಿ ಬರ್ತಾ ಇರುವಾಗಲೇ ಸ್ಟಾಪಿನಲ್ಲಿ ಕಾಯುವವ ಕಾದು ಬೇಜಾರಾಗಿ "ಈ ರೂಟಿನ ಬಸ್ಸೇ ನಿಂತಿದೆ" ಅಂತ ಎಲ್ಲರಿಗೂ ಹೇಳಿ ಹೋದ ಹಾಗೆ. ಡ್ರೈವರ್ ರಿಸೆಟ್ ಕಳಿಸ್ತದೆ, ಡಿಸ್ಕ್ ಆ ಸೆಕ್ಟರಿನಲ್ಲೇ ಮುಳುಗಿದೆ, ರಿಸೆಟ್ಟಿಗೂ ಉತ್ತರ ಇಲ್ಲ. ಇಷ್ಟರಲ್ಲಿ ರೇಡ್ ಅದೇ ಸೆಕ್ಟರಿಗೆ ಬರೀಲಿಕ್ಕೆ ಹೋಗ್ತದೆ, ಅದೂ ಫೇಲ್, ಡಿಸ್ಕ್ ಹೊರಗೆ. ಆಮೇಲೆ ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಮಾಡುವಾಗ ಉಳಿದ ಡಿಸ್ಕುಗಳ ಪ್ರತಿ ಸೆಕ್ಟರ್ ಓದ್ಬೇಕು, ಅದರಲ್ಲಿ ಇನ್ನೊಂದಕ್ಕೆ ಒಂದೇ ಒಂದು ಪೆಂಡಿಂಗ್ ಸೆಕ್ಟರ್ ಇದ್ರೆ ಅದೂ ಹೀಗೆಯೇ ಹೊರಗೆ, ರೇಡ್ 5 ಆದ್ರೆ ಅಲ್ಲಿಗೆ ಅರೇ ಹೋಯ್ತು. ಎರಡು ಸೆಕ್ಟರ್ ಹಾಳಾದದ್ದಕ್ಕೆ ಇಡೀ ವರ್ಷದ ಲೆಕ್ಕಪತ್ರ ಹೋಗುದು ಅಂದ್ರೆ ಹೊಟ್ಟೆ ಉರೀತದೆ.

ಪರಿಹಾರ ಎರಡುಂಟು. ಡಿಸ್ಕಿಗೆ ಎಸ್‌ಸಿಟಿ ಇಆರ್‌ಸಿ ಅನ್ನುವ ಸೌಲಭ್ಯ ಇದ್ರೆ ಸ್ಮಾರ್ಟ್‌ಸಿಟಿಎಲ್ ಟೂಲಿನಲ್ಲಿ ಓದ್ಲಿಕ್ಕೆ ಬರೀಲಿಕ್ಕೆ ಎರಡಕ್ಕೂ 70 ಅಂತ ಕೊಡಿ. ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಅಂದ್ರೆ 7 ಸೆಕೆಂಡ್, ಅಷ್ಟರಲ್ಲಿ ಆಗದಿದ್ರೆ ಡಿಸ್ಕ್ ಎರರ್ ಕೊಟ್ಟು ಬಿಡ್ತದೆ. ಹೆಚ್ಚಿನ ಡಿಸ್ಕುಗಳಲ್ಲಿ ಪವರ್ ಹೋದ್ರೆ ಈ ಸೆಟ್ಟಿಂಗ್ ಮರೆತು ಹೋಗ್ತದೆ, ಪ್ರತಿ ಬೂಟಿನಲ್ಲಿ ಪುನಃ ಕೊಡುವ ಹಾಗೆ ಸ್ಕ್ರಿಪ್ಟ್ ಹಾಕಿ. ಆ ಸೌಲಭ್ಯ ಇಲ್ಲದ ಡಿಸ್ಕ್ ಆದ್ರೆ ಉಲ್ಟಾ ಮಾಡಿ, ಸಿಸ್‌ಎಫ್‌ಎಸ್ಸಿನಲ್ಲಿ (ಕರ್ನಲ್ ಸೆಟ್ಟಿಂಗುಗಳು ಫೈಲಾಗಿ ಕಾಣುವ ಕಡೆ) ಆ ಡಿಸ್ಕಿನ ಟೈಮ್‌ಔಟ್ ಫೈಲಿಗೆ 180 ಬರೆದು ಡ್ರೈವರನ್ನೇ ಜಾಸ್ತಿ ಕಾಯಿಸಿ. ಎರರ್ ಬಂದಾಗ ಮೂರು ನಿಮಿಷ ಹ್ಯಾಂಗ್ ಆಗ್ಬಹುದು, ಆದ್ರೆ ಡಾಟಾ ಉಳೀತದೆ. ಕೆಳಗಿನವನ ಮಿತಿ ಯಾವಾಗಲೂ ಮೇಲಿನವನ ಮಿತಿಗಿಂತ ಕಡಿಮೆ ಇರ್ಬೇಕು, ಇಷ್ಟೇ ನಿಯಮ. ನ್ಯಾಸ್ (ನೆಟ್‌ವರ್ಕಿನಲ್ಲಿ ಇಡುವ ಸ್ಟೋರೇಜ್) ಡಿಸ್ಕ್ ಅಂತ ಮಾರುವವುಗಳಲ್ಲಿ ಇದು ಹೆಚ್ಚಾಗಿ ಮೊದಲೇ ಆನ್ ಇರ್ತದೆ.

ಪ್ರಶ್ನೆ: ಕಾಪಿ ಪೂರ್ತಿ ಆಯ್ತು ಅಂತ ತೋರಿಸ್ತು, ಆಮೇಲೆ ನೋಡಿದ್ರೆ ಫೈಲ್ ಹಾಳು. ಎರರ್ ಎಂತಕ್ಕೆ ಬರ್ಲಿಲ್ಲ?

ನೀವು ಬರೆದದ್ದು ಡಿಸ್ಕಿಗೆ ಹೋಗ್ಲಿಲ್ಲ, ಮೆಮೊರಿಯ ಪೇಜ್ ಕ್ಯಾಶಿಗೆ ಹೋಯ್ತು. ನಿಜವಾಗಿ ಡಿಸ್ಕಿಗೆ ಬರಿಯುದು ಆಮೇಲೆ, ಆಗ ಎರರ್ ಬಂದ್ರೆ ಹೇಳುದು ಯಾರಿಗೆ, ನಿಮ್ಮ ಪ್ರೋಗ್ರಾಮ್ ಫೈಲ್ ಮುಚ್ಚಿ ಹೋಗಿರ್ತದೆ. ಅದಕ್ಕೇ ಎಫ್‌ಸಿಂಕ್ ಇರುದು, ಡಿಸ್ಕಿಗೆ ತಲುಪಿತಾ ಅಂತ ಕೇಳಿ ಉತ್ತರ ಪಡೆಯುವ ದಾರಿ ಅದು.

ಅದರಲ್ಲೂ ಒಂದು ದೊಡ್ಡ ಗುಂಡಿ ಇತ್ತು. ಹಳೇ ಲಿನಕ್ಸಿನಲ್ಲಿ ಬರೀಲಿಕ್ಕೆ ಆಗದ ಎರರನ್ನು ಫೈಲಿನ ಮೇಲೆ ಒಂದು ಫ್ಲ್ಯಾಗ್ ಆಗಿ ಇಡ್ತಿದ್ರು, ಯಾರು ಮೊದಲು ಕೇಳ್ತಾರೋ ಅವರಿಗೆ ಹೇಳಿ ಫ್ಲ್ಯಾಗ್ ಅಳಿಸಿ ಹಾಕುದು, ಎರಡನೆಯವ ಕೇಳಿದ್ರೆ ಎಲ್ಲ ಸರಿ ಉಂಟು ಅಂತ ಉತ್ತರ. ಕರ್ನಲ್ 4.13ರಲ್ಲಿ ಇದನ್ನು ಸರಿ ಮಾಡಿ, ಫೈಲ್ ತೆರೆದಿಟ್ಟ ಪ್ರತಿಯೊಬ್ಬರಿಗೂ ಎರರ್ ಒಮ್ಮೆ ತಲುಪುವ ಹಾಗೆ ಮಾಡಿದ್ರು. ಆದ್ರೂ ಒಂದು ಉಳೀತು. ಎಫ್‌ಸಿಂಕ್ ಫೇಲ್ ಆದ ಮೇಲೆ ಆ ಪೇಜುಗಳನ್ನು ಕ್ಲೀನ್ ಅಂತಲೇ ಗುರುತು ಹಾಕ್ತಾರೆ, ಅಂದ್ರೆ ಪುನಃ ಎಫ್‌ಸಿಂಕ್ ಕೊಟ್ರೆ ಬರೀಲಿಕ್ಕೆ ಎಂತದೂ ಬಾಕಿ ಇಲ್ಲ ಅಂತ ಸಕ್ಸೆಸ್ ಬರ್ತದೆ, ಡಾಟಾ ಮಾತ್ರ ಡಿಸ್ಕಿನಲ್ಲಿ ಇಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡಾಟಾಬೇಸಿನವರು ಇದನ್ನು ಎತ್ತಿದಾಗ ದೊಡ್ಡ ಚರ್ಚೆ ಆಯ್ತು, 2019ರಲ್ಲಿ ಅವರು ಬದಲಾಯಿಸಿದ್ರು, ಈಗ ಎಫ್‌ಸಿಂಕ್ ಫೇಲ್ ಆದ್ರೆ ಡಾಟಾಬೇಸ್ ಬೇಕಂತಲೇ ಬಿದ್ದು, ತನ್ನ ಲಾಗಿನಿಂದ ಪುನಃ ಎದ್ದು ಬರ್ತದೆ. ನೀವು ಸ್ವಂತ ಪ್ರೋಗ್ರಾಮ್ ಬರಿಯುವವರಾದ್ರೆ ಎಫ್‌ಸಿಂಕಿನ ಉತ್ತರ ನೋಡಿ, ಫೇಲ್ ಆದ್ರೆ ಅದನ್ನೇ ಪುನಃ ಕರೀಬೇಡಿ, ಡಾಟಾವನ್ನು ಪೂರ್ತಿ ಮೊದಲಿನಿಂದ ಬೇರೆ ಫೈಲಿಗೆ ಬರೀರಿ.

ಪ್ರಶ್ನೆ: ಫೈಲ್ ಸಿಸ್ಟಮ್ ರೀಡ್ ಓನ್ಲಿ ಆಗಿದೆ. ರೀಮೌಂಟ್ ಮಾಡಿ ಕೆಲಸ ಮುಂದುವರಿಸ್ಲಾ?

ಬೇಡ. ಅದು ತೊಂದ್ರೆ ಅಲ್ಲ, ರಕ್ಷಣೆ. ಲಿನಕ್ಸಿನ ಮಾಮೂಲಿ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ರಲ್ಲಿ ಎರರ್ ಬಂದ್ರೆ ಎಂತ ಮಾಡ್ಬೇಕು ಅಂತ ಮೂರು ಆಯ್ಕೆ ಉಂಟು, ಮುಂದುವರಿಸು, ರೀಡ್ ಓನ್ಲಿ ಮಾಡು, ಪ್ಯಾನಿಕ್ ಆಗು. ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಪಟ್ಟಿ) ಬರೀಲಿಕ್ಕೆ ಆಗದಿದ್ರೆ ಜರ್ನಲ್ ಅಬಾರ್ಟ್ ಆಗಿ ಬರಿಯುದು ನಿಲ್ತದೆ. ಎಕ್ಸ್‌ಎಫ್‌ಎಸ್ ಇನ್ನೂ ಕಟ್ಟುನಿಟ್ಟು, ಜರ್ನಲ್ ಬರೀಲಿಕ್ಕೆ ಆಗದಿದ್ರೆ ಫೈಲ್ ಸಿಸ್ಟಮ್ಮನ್ನೇ ಮುಚ್ಚಿ ಬಿಡ್ತದೆ. ಆಫೀಸಿನ ಮೆಷಿನಿಗೆ "ಮುಂದುವರಿಸು" ಅಂತ ಇಟ್ಟಿರುದನ್ನು ಕಂಡ್ರೆ ದಯವಿಟ್ಟು ಬದಲಾಯಿಸಿ.

ಪ್ರಶ್ನೆ: ಡಿಸ್ಕ್ ಹೋಗ್ತಾ ಉಂಟು, ಒಳಗೆ ಹತ್ತು ವರ್ಷದ ಆಟದ (ಯಕ್ಷಗಾನದ) ರೆಕಾರ್ಡಿಂಗ್ ಉಂಟು. ಈಗ ಎಂತ ಮಾಡುದು?

ಯಕ್ಷಗಾನ, ಕೋಲ, ಮದುವೆ ವಿಡಿಯೋ ಇಟ್ಟವರಿಗೆಲ್ಲ ಇದೇ ಉತ್ತರ. ಆಟ ಆಡಿದ ಕಲಾವಿದರಲ್ಲಿ ಈಗ ಇಲ್ಲದವರು ಇರ್ತಾರೆ, ಆ ರಾತ್ರಿ ಪುನಃ ಬರುದಿಲ್ಲ, ಹಾಗಾಗಿ ಅವಸರ ಮಾಡ್ಬೇಡಿ.

ಡಿಸ್ಕಿನಿಂದ ಕಟ ಕಟ ಶಬ್ದ ಬರ್ತಾ ಇದ್ರೆ ಪವರ್ ತೆಗೀರಿ, ಅಲ್ಲಿಂದ ಮುಂದೆ ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬಿನ ಕೆಲಸ. ಮನೆಯಲ್ಲಿ ಬಿಚ್ಚುದು, ಫ್ರಿಜ್ಜಿನಲ್ಲಿ ಇಡುದು ಎಂತದೂ ಬೇಡ. ಶಬ್ದ ಇಲ್ಲ, ಬರೀ ರೀಡ್ ಎರರ್ ಅಂದ್ರೆ ಮೊದಲು ಆ ಡಿಸ್ಕಿಗೆ ಎಂತದೂ ಬರಿಯುದನ್ನು ನಿಲ್ಲಿಸಿ. ಎಫ್‌ಎಸ್‌ಸಿಕೆ, ಚೆಕ್‌ಡಿಸ್ಕ್ ಎರಡೂ ಈಗ ಬೇಡ, ಅವು ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿ ಮಾಡುವ ಟೂಲುಗಳು, ಅದಕ್ಕಾಗಿ ಹಾಳಾದ ಡಿಸ್ಕಿನ ಮೇಲೆಯೇ ಬರೀತವೆ, ಓದ್ಲಿಕ್ಕೆ ಆಗದ ಕಡೆ ಫೈಲಿನ ಕೊಂಡಿಯನ್ನೇ ಕಿತ್ತು ಹಾಕ್ತವೆ. ಮಾಮೂಲಿ ಕಾಪಿ ಪೇಸ್ಟ್ ಸಹ ಬೇಡ, ಎರರ್ ಬಂದಲ್ಲೇ ನಿಂತು ಪುನಃ ಪುನಃ ಕುಟ್ಟಿ ಇದ್ದ ಹೆಡ್ಡನ್ನೂ ಹಾಳು ಮಾಡ್ತದೆ.

ಗ್ನೂ ಡಿಡಿರೆಸ್ಕ್ಯೂ ಅನ್ನುವ ಕಾಪಿ ಟೂಲ್ ಬಳಸಿ. ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಒಳ್ಳೆ ಡಿಸ್ಕ್ ಬೇಕು. ಮೊದಲ ಸುತ್ತಿನಲ್ಲಿ ಸುಲಭದಲ್ಲಿ ಸಿಗುದನ್ನೆಲ್ಲ ಬಾಚಿಕೊಂಡು ಕಷ್ಟದ ಜಾಗ ಹಾರಿ ಹೋಗುವ ಆಯ್ಕೆ ಕೊಡಿ, ಮ್ಯಾಪ್ ಫೈಲ್ ಕೊಡ್ಲಿಕ್ಕೆ ಮರೀಬೇಡಿ, ಎಲ್ಲಿ ಸಿಕ್ತು ಎಲ್ಲಿ ಸಿಗ್ಲಿಲ್ಲ ಅಂತ ಅದರಲ್ಲಿ ಬರೀತದೆ, ಕರೆಂಟ್ ಹೋದ್ರೂ ನಿಂತಲ್ಲಿಂದ ಮುಂದುವರಿಸ್ಬಹುದು. ಎರಡನೇ ಸುತ್ತಿನಲ್ಲಿ ಡೈರೆಕ್ಟ್ ಆಕ್ಸೆಸ್ ಆಯ್ಕೆಯಲ್ಲಿ ಬಾಕಿ ಜಾಗಕ್ಕೆ ಮೂರು ಸಲ ರಿಟ್ರೈ ಕೊಡಿ. ಡೈರೆಕ್ಟ್ ಎಂತಕ್ಕೆ ಅಂದ್ರೆ ಕರ್ನಲ್ ಮಾಮೂಲಿಯಾಗಿ ಓದುದು 4096 ಬೈಟಿನ ಪೇಜ್ ಲೆಕ್ಕದಲ್ಲಿ, 512 ಬೈಟಿನ ಒಂದು ಸೆಕ್ಟರ್ ಹಾಳಾದ್ರೆ ಪಕ್ಕದ ಏಳು ಒಳ್ಳೆ ಸೆಕ್ಟರ್ ಸಹ ಸಿಗದೆ ಹೋಗ್ಬಹುದು. ಎಲ್ಲ ಮುಗಿದ ಮೇಲೆ ರಿಪೇರಿ ಮಾಡುದು ಕಾಪಿಯ ಮೇಲೆ, ಅದೂ ಆಗುದಾದ್ರೆ ಕಾಪಿಯ ಇನ್ನೊಂದು ಕಾಪಿಯ ಮೇಲೆ. ವಿಡಿಯೋದಲ್ಲಿ ಒಂದೆರಡು ಸೆಕ್ಟರ್ ಹೋದ್ರೆ ಹೆಚ್ಚಾಗಿ ಕ್ಷಣ ಹೊತ್ತು ಚಿತ್ರ ಒಡೀತದೆ ಅಷ್ಟೇ, ಭಾಗವತರ ಪದ ಮುಂದೆ ಸರಿಯಾಗೇ ಕೇಳ್ತದೆ.

ಪ್ರಶ್ನೆ: ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಇದೆಲ್ಲ ಇಲ್ಲ ಅಲ್ವಾ?

ಇದು ಸಾಟಾ ಬಿಟ್ಟು ಸೀದಾ ಪಿಸಿಐ ಬಸ್ಸಿಗೆ ಸಿಕ್ಕಿಸುವ ಚಿಪ್ಪಿನ ಡಿಸ್ಕ್. ಹೆಡ್ ಇಲ್ಲ, ಎರರ್ ಉಂಟು. ಟೈಮ್‌ಔಟ್ ಇಲ್ಲೂ 30 ಸೆಕೆಂಡ್, ಮೊದಲು ಅಬಾರ್ಟ್, ಆಮೇಲೆ ಇಡೀ ಕಂಟ್ರೋಲರ್ ರಿಸೆಟ್. ನನಗೆ ತುಂಬಾ ಇಷ್ಟ ಆದದ್ದು ಇದರ ಸ್ಟೇಟಸ್ಸಿನಲ್ಲಿ "ಪುನಃ ಕೇಳ್ಬೇಡ" ಅಂತ ಹೇಳುವ ಒಂದು ಬಿಟ್ ಉಂಟು, ಡಿಎನ್‌ಆರ್ ಅಂತ, ರಿಟ್ರೈ ಮಾಡ್ಬೇಕಾ ಬೇಡ್ವಾ ಅಂತ ಡ್ರೈವರ್ ಊಹೆ ಮಾಡುದು ಬೇಡ, ಡಿವೈಸೇ ಹೇಳ್ತದೆ. ಲಾಗಿನಲ್ಲಿ ಕಂಟ್ರೋಲರ್ ಸ್ಟೇಟಸ್ ಪೂರ್ತಿ ಎಫ್ ಎಫ್ ಎಫ್ ಅಂತ ಬಂದ್ರೆ ಡಿವೈಸ್ ಪಿಸಿಐ ಬಸ್ಸಿನಲ್ಲಿ ಉತ್ತರವೇ ಕೊಡ್ತಾ ಇಲ್ಲ ಅಂತ. ಕೆಲವು ಮಾಡೆಲ್ ಪವರ್ ಉಳಿಸುವ ಸ್ಥಿತಿಗೆ ಹೋಗಿ ವಾಪಸ್ ಬರದೆ ಹೀಗೆ ಮಾಡ್ತವೆ, ಕರ್ನಲ್ ಪ್ಯಾರಾಮೀಟರಿನಲ್ಲಿ ಆ ಪವರ್ ಲೇಟೆನ್ಸಿ ಮಿತಿಯನ್ನು 0 ಮಾಡಿ ನೋಡಿ, ಡಿಸ್ಕ್ ಬದಲಾಯಿಸುದು ಆಮೇಲೆ.

ಪ್ರಶ್ನೆ: ವಿಂಡೋಸಿನಲ್ಲಿ ಎಲ್ಲಿ ನೋಡುದು?

ಇವೆಂಟ್ ವ್ಯೂವರಿನ ಸಿಸ್ಟಮ್ ಲಾಗ್. 7 ಅಂದ್ರೆ ಬ್ಯಾಡ್ ಬ್ಲಾಕ್, 11 ಕಂಟ್ರೋಲರ್ ಎರರ್, 129 ಅಂದ್ರೆ ಉತ್ತರ ಬರದೆ ಡಿವೈಸ್ ರಿಸೆಟ್ ಮಾಡಿದ್ದು, 153 ಅಂದ್ರೆ ಕಮಾಂಡನ್ನು ರಿಟ್ರೈ ಮಾಡಿದ್ದು. 129, 153 ಬರೀ ವಾರ್ನಿಂಗ್ ಅಂತ ಬಿಡುವವರು ಜಾಸ್ತಿ, ಬಿಡ್ಬೇಡಿ, ಮುಂದೆ 7 ಬರ್ಲಿಕ್ಕುಂಟು ಅಂತ ಹೇಳುದೇ ಎಷ್ಟೋ ಸಲ ಅವು. ಅಲ್ಲಿ ಡಿಸ್ಕ್ ಟೈಮ್‌ಔಟ್ ಮಾಮೂಲಿ 60 ಸೆಕೆಂಡ್, ರಿಜಿಸ್ಟ್ರಿಯಲ್ಲಿ ಬದಲಾಯಿಸ್ಬಹುದು.

ಪ್ರಶ್ನೆ: ನಾನು ಸ್ಟೂಡೆಂಟ್, ಸ್ವಂತ ಡ್ರೈವರ್ ಬರೀತಿದ್ದೇನೆ. ಎರರ್ ಹ್ಯಾಂಡ್ಲಿಂಗಿನಲ್ಲಿ ಯಾವುದು ಕಷ್ಟ?

ಟೈಮ್‌ಔಟ್ ಆದ ಕಮಾಂಡ್. ಎರರ್ ಅಂತ ಬಂದದ್ದು ಸುಲಭ, ಅದು ಮುಗಿದ ಕಥೆ. ಟೈಮ್‌ಔಟ್ ಅಂದ್ರೆ ಮುಗಿದಿಲ್ಲ, ಡಿಸ್ಕಿನ ಕೈಯಲ್ಲಿ ಇನ್ನೂ ನಿಮ್ಮ ಬಫರಿನ ಅಡ್ರೆಸ್ ಉಂಟು. ನೀವು "ಸಾಕು, ಫೇಲ್" ಅಂತ ಬಫರನ್ನು ಬಿಟ್ಟು ಕೊಟ್ರಿ, ಕರ್ನಲ್ ಅದನ್ನು ಬೇರೆ ಕೆಲಸಕ್ಕೆ ಕೊಟ್ಟಿತು, ಆಗ ಡಿಸ್ಕ್ ನಿಧಾನಕ್ಕೆ ಎದ್ದು ಡಿಎಂಎ ಮಾಡಿ (ಸಿಪಿಯು ಇಲ್ಲದೆ ಸೀದಾ ಮೆಮೊರಿಗೆ ಬರೆದು) ಅದೇ ಜಾಗಕ್ಕೆ ಹಳೇ ಡಾಟಾ ಸುರೀತು. ಈಗ ಯಾವುದೋ ಸಂಬಂಧ ಇಲ್ಲದ ಪ್ರೋಗ್ರಾಮಿನ ಮೆಮೊರಿ ಹಾಳು, ಬಗ್ ಎಲ್ಲಿ ಅಂತ ತಿಂಗಳು ಹುಡುಕಿದ್ರೂ ಸಿಗುದಿಲ್ಲ. ಅಬಾರ್ಟ್ ಆಗಿದೆ ಅಂತ ಡಿವೈಸ್ ಒಪ್ಪುವ ತನಕ ಅಥವಾ ರಿಸೆಟ್ ಮುಗಿಯುವ ತನಕ ಬಫರ್ ಬಿಡ್ಬಾರ್ದು, ರಿಸೆಟ್ಟಿನ ಏಣಿ ಇರುದು ಈ ಗ್ಯಾರಂಟಿಗೋಸ್ಕರವೇ.

ಎರಡನೆಯದ್ದು ಮೆಮೊರಿ. ರಿಕವರಿ ದಾರಿಯಲ್ಲಿ ಮೆಮೊರಿ ಕೇಳಿದ್ರೆ ಕರ್ನಲ್ ಜಾಗ ಮಾಡ್ಲಿಕ್ಕೆ ಸ್ವಾಪಿಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬರೀಲಿಕ್ಕೆ ಹೋಗ್ಬಹುದು, ಆ ಸ್ವಾಪ್ ಇದೇ ಡಿಸ್ಕಿನಲ್ಲಿದ್ರೆ ಡಿಸ್ಕ್ ಸರಿ ಆಗುದನ್ನು ಮೆಮೊರಿ ಕಾಯ್ತದೆ, ಮೆಮೊರಿ ಸಿಗುದನ್ನು ಡಿಸ್ಕ್ ಕಾಯ್ತದೆ. ಬೇಕಾದ್ದನ್ನು ಮೊದಲೇ ತೆಗ್ದಿಡಿ, ಇಲ್ಲದಿದ್ರೆ ಐಒ ಮಾಡದ ಹಾಗೆ ಹೇಳುವ ಫ್ಲ್ಯಾಗಿನಲ್ಲಿ ಕೇಳಿ. ಇಂಟರಪ್ಟ್ ಒಳಗೆ ನಿದ್ದೆ ಮಾಡ್ಲಿಕ್ಕೆ ಆಗುದಿಲ್ಲ ಅಂತ ಗೊತ್ತೇ ಉಂಟು, ಹಾಗಾಗಿ ರಿಸೆಟ್ ಎಲ್ಲ ಬೇರೆ ಥ್ರೆಡ್ಡಿನಲ್ಲಿ.

ಓದ್ಲಿಕ್ಕೆ ಎಂಐಟಿಯವರು ಪಾಠಕ್ಕಾಗಿ ಮಾಡಿದ ಸಣ್ಣ ಓಎಸ್ ಎಕ್ಸ್‌ವಿ6 ಒಳ್ಳೇದು, ಆದ್ರೆ ಅದರ ಎರರ್ ಹ್ಯಾಂಡ್ಲಿಂಗ್ ನಕಲು ಮಾಡ್ಬೇಡಿ. ಹಳೇ ಎಕ್ಸ್86 ಆವೃತ್ತಿಯಲ್ಲಿ ಡಿಸ್ಕ್ ಎರರ್ ಕೊಟ್ರೆ ಡಾಟಾ ಓದದೆಯೇ ಬಫರನ್ನು ವ್ಯಾಲಿಡ್ ಅಂತ ಗುರುತು ಹಾಕ್ತದೆ, ಅಂದ್ರೆ ಹಳೇ ಕಸವೇ ಡಾಟಾ ಅಂತ ಮೇಲೆ ಹೋಗ್ತದೆ. ರಿಸ್ಕ್ ಫೈವ್ ಆವೃತ್ತಿ ಪ್ಯಾನಿಕ್ ಆಗ್ತದೆ, ಎರಡರಲ್ಲಿ ಇದೇ ಎಷ್ಟೋ ಮೇಲು. ಪ್ರಾಜೆಕ್ಟ್ ಬೇಕಾದ್ರೆ ಅಲ್ಲಿಗೆ ರಿಟ್ರೈ ಮತ್ತೆ ಎರರ್ ವಾಪಸ್ ಕೊಡುದನ್ನು ಸೇರಿಸಿ, ಫೈಲ್ ಸಿಸ್ಟಮ್ ತನಕ ಎಷ್ಟು ಫಂಕ್ಷನ್ ಬದಲಾಯಿಸ್ಬೇಕು ಅಂತ ನೋಡಿದ್ರೆ ವಿಷಯ ಪೂರ್ತಿ ಅರ್ಥ ಆಗ್ತದೆ.

ಪ್ರಶ್ನೆ: ಟೆಸ್ಟ್ ಮಾಡ್ಲಿಕ್ಕೆ ಹಾಳು ಡಿಸ್ಕ್ ಎಲ್ಲಿ ಸಿಗ್ತದೆ?

ಬೇಡ, ಸಾಫ್ಟ್‌ವೇರಿನಲ್ಲೇ ಹಾಳು ಮಾಡ್ಬಹುದು. ಲಿನಕ್ಸಿನ ಡಿವೈಸ್ ಮ್ಯಾಪರಿನ ಫ್ಲೇಕಿ ಟಾರ್ಗೆಟ್ ಸ್ವಲ್ಪ ಹೊತ್ತು ಸರಿ ಇದ್ದು ಸ್ವಲ್ಪ ಹೊತ್ತು ಎರರ್ ಕೊಡ್ತದೆ, ಡಸ್ಟ್ ಅನ್ನುವುದು ನೀವು ಹೇಳಿದ ಬ್ಲಾಕುಗಳನ್ನು ಮಾತ್ರ ಬ್ಯಾಡ್ ಮಾಡಿ, ಬರೆದಾಗ ನಿಜವಾದ ಡಿಸ್ಕಿನ ಹಾಗೆ ಸರಿ ಮಾಡಿ ಕೊಡ್ತದೆ. ಸ್ಕಸಿ ಡಿಬಗ್ ಮಾಡ್ಯೂಲ್ ಟೈಮ್‌ಔಟ್ ಸಹ ಬರಿಸ್ತದೆ. ಪೂರ್ತಿ ವರ್ಚುಯಲ್ ಮೆಷಿನ್ ಬೇಕಾದ್ರೆ ಕ್ಯೂಈಎಂಯುನಲ್ಲಿ ಬ್ಲಾಕ್ ಡಿಬಗ್ ಉಂಟು. ಎರರ್ ದಾರಿಯ ಕೋಡ್ ಮಾಮೂಲಿ ದಿನ ನಡೆಯುದೇ ಇಲ್ಲ, ಬೇಕಂತ ನಡೆಸದಿದ್ರೆ ಅದರ ಬಗ್ ಗೊತ್ತಾಗುದು ಡಾಟಾ ಹೋದ ದಿನ. 2005ರಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಸಂಶೋಧಕರು ಹೀಗೆ ಬೇಕಂತ ಎರರ್ ಕೊಟ್ಟು ನೋಡಿದಾಗ, ಎಲ್ಲರೂ ಬಳಸುವ ಇಎಕ್ಸ್‌ಟಿ3 ಸಹ ಬರೀಲಿಕ್ಕೆ ಆಗದ ಎರರನ್ನು ಎಷ್ಟೋ ಕಡೆ ನೋಡದೆ ಬಿಡ್ತಿತ್ತು ಅಂತ ಗೊತ್ತಾಯ್ತು.

ಪ್ರಶ್ನೆ: ಡಿಸ್ಕ್ ಎರರೇ ಕೊಡದೆ ತಪ್ಪು ಡಾಟಾ ಕೊಟ್ರೆ?

ಡ್ರೈವರಿಗೆ ಗೊತ್ತಾಗುದಿಲ್ಲ. ಅದಕ್ಕೆ ಮೇಲೆ ಚೆಕ್‌ಸಮ್ (ಡಾಟಾ ಬದಲಾಗಿದೆಯಾ ಅಂತ ನೋಡುವ ಲೆಕ್ಕ) ಬೇಕು, ಅದನ್ನು ಇಡುವ ಫೈಲ್ ಸಿಸ್ಟಮ್ ಅಂದ್ರೆ ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್. ಮಿರರ್ ಇದ್ರೆ ಸರಿ ಇರುವ ಕಾಪಿಯಿಂದ ತಾವೇ ಸರಿ ಮಾಡ್ತವೆ.

ಪ್ರಶ್ನೆ: ಮಳೆಗಾಲಕ್ಕೆ ಮೊದಲು ಎಂತ ಮಾಡಿ ಇಡ್ಬೇಕು?

ಸಿಡಿಲು, ಕರೆಂಟ್ ಹೋಗಿ ಬರುದು ಎರಡೂ ಇಲ್ಲಿ ತಪ್ಪಿದ್ದಲ್ಲ, ಯುಪಿಎಸ್ ಬ್ಯಾಟರಿ ಮೇ ತಿಂಗಳಲ್ಲೇ ನೋಡಿ. ಮನೆ ಮಠದಲ್ಲಿ ಸಿಡಿಲಿಗೆ ಪ್ಲಗ್ ತೆಗೆಯುವವರು ಬ್ಯಾಕಪ್ ಡಿಸ್ಕಿನ ಪ್ಲಗ್ ಮತ್ತೆ ನೆಟ್‌ವರ್ಕ್ ಕೇಬಲ್ ಸಹ ತೆಗೀರಿ. ಪ್ರತಿ ಡಿಸ್ಕಿಗೆ ಸ್ಮಾರ್ಟಿನ ಲಾಂಗ್ ಸೆಲ್ಫ್ ಟೆಸ್ಟ್ ಒಮ್ಮೆ ಓಡಿಸಿ, 197 ಸೊನ್ನೆ ಅಲ್ಲದಿದ್ರೆ ಬ್ಯಾಕಪ್ ಅವತ್ತೇ ತೆಗೀರಿ, 5ನೇ ನಂಬರ್ ವಾರ ವಾರ ಏರ್ತಾ ಇದ್ರೆ ಡಿಸ್ಕ್ ಬದಲಾಯಿಸಿ, ಎಷ್ಟೋ ಕಾಲದಿಂದ ಅಲ್ಲೇ ನಿಂತಿದ್ರೆ ಗಮನ ಇಟ್ಟು ಬಳಸ್ಬಹುದು. ರೇಡ್ ಇದ್ದವರು ಸ್ಕ್ರಬ್ ನಡೀತಾ ಉಂಟಾ ನೋಡಿ, ಪೂರ್ತಿ ಅರೇ ಓದಿ ಪೆಂಡಿಂಗ್ ಸೆಕ್ಟರನ್ನು ರೀಬಿಲ್ಡಿಗೆ ಮೊದಲೇ ಸರಿ ಮಾಡುದು ಅದೇ. ಡೆಬಿಯನ್ ಅನ್ನುವ ಲಿನಕ್ಸಿನಲ್ಲಿ ಬಹಳ ಕಾಲ ಇದನ್ನು ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದು 57 ನಿಮಿಷಕ್ಕೆ ಶುರು ಆಗುವ ಹಾಗೆ ಇಟ್ಟಿದ್ರು, ಹೊಸದರಲ್ಲಿ ಟೈಮ್ ಬೇರೆ ಇರ್ಬಹುದು. ಶನಿವಾರ ಸಂಜೆ ಮೈನ್ ಸ್ವಿಚ್ ಆಫ್ ಮಾಡಿ ಬಾಗಿಲು ಹಾಕುವ ಅಂಗಡಿಯಲ್ಲಿ ಅದು ಒಮ್ಮೆಯೂ ಓಡಿರುದಿಲ್ಲ. ಅಂಥವರು ಆ ಟೈಮನ್ನು ವಾರದ ಮಧ್ಯಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಯಿಸಿ.